ಸಾರಾ ಸಿಮೆಯೋನಿ 2.01 ಹಾರಿದ ವಿಡಿಯೋ ಎಲ್ಲಾದ್ರೂ ಇದೆಯಾ? ಜೊತೆಗೆ ಮಾಸ್ಕೋ ಚಿನ್ನದ ಬಗ್ಗೆ ಒಂದು ಜಗಳ

ನಾಲ್ಕನೇ ಲೇನ್
ಅಥ್ಲೆಟಿಕ್ಸ್ ಹುಚ್ಚು ಇರೋರು ಯಾರಾದ್ರೂ ಸ್ವಲ್ಪ ಸಹಾಯ ಮಾಡಿ. ಇಟಲಿಯ ಹೈಜಂಪ್ ತಾರೆ ಸಾರಾ ಸಿಮೆಯೋನಿ 1978ರ ಆಗಸ್ಟ್ 4ರಂದು ಬ್ರೆಶಾ ಊರಲ್ಲಿ 2.01 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದರು. ಆ ಜಿಗಿತದ ವಿಡಿಯೋ ಹುಡುಕಿ ಹುಡುಕಿ ಸಾಕಾಯಿತು. 'ಬ್ರೆಶಾ 1978' ಅಂತ ಹೆಸರಿಟ್ಟ ಒಂದು ತುಣುಕು ಸಿಕ್ಕಿತು. ಆದರೆ ಅದರಲ್ಲಿ ದೊಡ್ಡ ಸ್ಟೇಡಿಯಂ, ತುಂಬಾ ಜನ, ಪಕ್ಕದಲ್ಲೇ ಪೂರ್ವ ಜರ್ಮನಿ ಜೆರ್ಸಿ ಹಾಕಿದವರು ಕಾಣಿಸುತ್ತಾರೆ. ನನಗೆ ಯಾಕೋ ಅನುಮಾನ. ಅಸಲಿ ವಿಡಿಯೋ ಗೊತ್ತಿದ್ದರೆ ಹೇಳಿ.

ಇನ್ನೊಂದು ವಿಷಯ. ನಮ್ಮ ಭಾವ ಇದನ್ನೆಲ್ಲ ಕೇಳಿ "ಆಕೆ ಗೆದ್ದ ಒಲಿಂಪಿಕ್ ಚಿನ್ನ 1980ರ ಮಾಸ್ಕೋದ್ದಲ್ವಾ? ಅರ್ಧ ಪ್ರಪಂಚವೇ ಬಹಿಷ್ಕಾರ ಹಾಕಿತ್ತು. ಅದು ಅರ್ಧ ಚಿನ್ನ" ಅಂದರು. ನನಗೆ ಸಿಟ್ಟು ಬಂತು, ಆದರೆ ಅಂಕಿಅಂಶ ಇಟ್ಟು ವಾದ ಮಾಡೋಕೆ ಆಗಲಿಲ್ಲ. ನೀವೇನಂತೀರಿ?

ಅಂಕಿ ಅಶ್ವತ್ಥ
ಹುಡುಕೋದು ಬಿಡಿ, ಸಿಗೋದಿಲ್ಲ. ಬ್ರೆಶಾ ಜಿಗಿತದ ಟಿವಿ ಚಿತ್ರಣವೇ ಇಲ್ಲ. ಅದು ಇಟಲಿ–ಪೋಲೆಂಡ್ ಮಹಿಳಾ ತಂಡಗಳ ನಡುವಿನ ಒಂದು ಸಣ್ಣ ಕೂಟ. ಇಟಲಿಯ ಸರ್ಕಾರಿ ಟಿವಿ ರಾಯ್‌ನವರ ಕ್ಯಾಮೆರಾ ಅಲ್ಲಿರಲಿಲ್ಲ. ಉಳಿದಿರೋದು ಫೋಟೋ ಮಾತ್ರ.

ನೀವು ನೋಡಿರೋದು ಪ್ರಾಗ್‌ನದ್ದು, ಅದೇ ವರ್ಷ ಆಗಸ್ಟ್ 31ರ ಯುರೋಪಿಯನ್ ಚಾಂಪಿಯನ್‌ಷಿಪ್. ಅಲ್ಲೂ ಆಕೆ ಹಾರಿದ್ದು 2.01. ಅಂದರೆ ತಿಂಗಳೊಳಗೆ ತನ್ನದೇ ವಿಶ್ವದಾಖಲೆಯನ್ನು ಮತ್ತೆ ಸರಿಗಟ್ಟಿದ್ದು. ಪೂರ್ವ ಜರ್ಮನಿಯ ರೋಸ್‌ಮರೀ ಆಕರ್‌ಮನ್ 1.99ಕ್ಕೆ ನಿಂತಳು. ನೀವು ಕಂಡ ಜೆರ್ಸಿ ಬಹುಶಃ ಅವಳದ್ದೇ.

ತಲೆಹರಟೆ
ವಿಶ್ವದಾಖಲೆ ಆಗುವಾಗ ಕ್ಯಾಮೆರಾ ಇಲ್ಲ. ನಮ್ಮ ಪಕ್ಕದ ಮನೆಯವರ ನಾಮಕರಣಕ್ಕೆ ಡ್ರೋನ್ ಬಂದಿತ್ತು.

ನಾಲ್ಕನೇ ಲೇನ್
ಅಶ್ವತ್ಥಣ್ಣ, ಥ್ಯಾಂಕ್ಸ್. ಆದರೂ ಅರ್ಥ ಆಗ್ತಿಲ್ಲ. 1978 ಅಂದರೆ ಏನು ಶಿಲಾಯುಗವಾ? ಇಟಲಿಯಂಥ ದೇಶದಲ್ಲಿ ಒಂದು ಕ್ಯಾಮೆರಾ ಕಳಿಸೋಕೆ ಆಗಲಿಲ್ವಾ?

ಅಂಕಿ ಅಶ್ವತ್ಥ
ಆಗ ಇಡೀ ರಾಯ್‌ಗೆ ಇದ್ದಿದ್ದು ಎರಡೇ ಚಾನೆಲ್. ಮೂರನೆಯದು ಶುರುವಾಗಿದ್ದು 1979ರ ಡಿಸೆಂಬರ್‌ನಲ್ಲಿ. ಬಣ್ಣದ ಪ್ರಸಾರ ಶುರುವಾಗಿಯೂ ಆಗಿನ್ನೂ ಒಂದು ವರ್ಷ ಚಿಲ್ಲರೆ ಆಗಿತ್ತಷ್ಟೇ. ಅದರ ಮೇಲೆ ಆಗಸ್ಟ್ ತಿಂಗಳು, ಇಟಲಿಗೆ ಇಟಲಿಯೇ ರಜೆಯಲ್ಲಿರುತ್ತೆ. ಎರಡು ದೇಶದ ಹೆಂಗಸರ ಕೂಟಕ್ಕೆ ಯಾರು ಬರ್ತಾರೆ ಹೇಳಿ. ಅಷ್ಟಕ್ಕೂ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದೇ 1981ರಲ್ಲಿ. ನಾವು ಅವರನ್ನ ಬೈಯೋ ಹಾಗಿಲ್ಲ.

ಪಿ.ಟಿ. ಮೇಷ್ಟ್ರು
ವಿಡಿಯೋ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಪ್ರಾಗ್ ವಿಡಿಯೋ ಅದಕ್ಕಿಂತ ಒಳ್ಳೆಯದು. ಯಾಕೆ ಅಂತ ಹೇಳ್ತೀನಿ. ಅದನ್ನ ಸುಮ್ನೆ ಇಬ್ಬರು ಹುಡುಗಿಯರ ಪೈಪೋಟಿ ಅಂತ ನೋಡಬೇಡಿ. ಎರಡು ಕಾಲದ ಜಗಳ ಅದು.

ಆಕರ್‌ಮನ್ ಹಾರುತ್ತಿದ್ದದ್ದು ಸ್ಟ್ರಾಡಲ್. ಹೊಟ್ಟೆ ಕೆಳಗೆ ಮಾಡಿ, ಬಾರ್ ಮೇಲೆ ಉರುಳಿಕೊಂಡು ಆಚೆ ಬೀಳೋದು. ಹಿಂದಿನ ವರ್ಷ, 1977ರ ಆಗಸ್ಟ್ 26ರಂದು ಬರ್ಲಿನ್‌ನಲ್ಲಿ, 2 ಮೀಟರ್ ದಾಟಿದ ಮೊದಲ ಹೆಂಗಸು ಅವಳೇ. ಅದೂ ಸ್ಟ್ರಾಡಲ್‌ನಲ್ಲಿ! ಸಿಮೆಯೋನಿ ಹಾರುತ್ತಿದ್ದದ್ದು ಫ್ಲಾಪ್. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ತಿರುಗಿಸಿ 2.24 ಹಾರಿ ಚಿನ್ನ ಗೆದ್ದ ಶೈಲಿ. ಹತ್ತು ವರ್ಷ ಆದರೂ ಯಾವುದು ಮೇಲು ಅನ್ನೋ ವಾದ ಮುಗಿದಿರಲಿಲ್ಲ. ಅದೇ 1978ರಲ್ಲಿ ಗಂಡಸರ ವಿಶ್ವದಾಖಲೆ ಸೋವಿಯತ್‌ನ ವ್ಲಾದಿಮಿರ್ ಯಾಶ್ಚೆಂಕೊ ಹೆಸರಿನಲ್ಲಿತ್ತು, ಅವನದ್ದೂ ಸ್ಟ್ರಾಡಲ್. ಹೆಂಗಸರಲ್ಲಿ ಆ ಶೈಲಿಯ ಆಟ ಮುಗಿಸಿದ್ದು ಸಿಮೆಯೋನಿ. ಆಕೆಯ ನಂತರ ಹೆಂಗಸರ ವಿಶ್ವದಾಖಲೆ ಮಾಡಿದವರೆಲ್ಲ ಫ್ಲಾಪ್‌ನವರೇ.

ಪ್ರಾಗ್ ವಿಡಿಯೋದಲ್ಲಿ ಓಟದ ಕೊನೆಯ ಹೆಜ್ಜೆಗಳನ್ನ ನಿಧಾನ ಮಾಡಿ ನೋಡಿ. ನೇರ ಬಂದು, ಆಮೇಲೆ ಒಳಕ್ಕೆ ಬಾಗಿಕೊಂಡು ತಿರುಗುತ್ತಾಳೆ. ಆ ತಿರುವೇ ಎಲ್ಲ. ಟೇಕ್ ಆಫ್ ಹೊತ್ತಿಗೆ ಮೈ ಬಾರ್ ಕಡೆ ವಾಲಿರಬಾರದು, ನೆಟ್ಟಗೆ ಏಳಬೇಕು. ಬೆನ್ನು ಬಾರ್ ದಾಟುವಾಗ ತಲೆ ಹಿಂದಕ್ಕೆ, ಸೊಂಟ ಮೇಲಕ್ಕೆ. ಕಡೆಗೆ ಗದ್ದ ಎದೆಗೆ ಒತ್ತಿ ಕಾಲು ಕಿತ್ತುಕೊಳ್ಳೋದು. ತುಂಬಾ ಜನ ಈ ಕೊನೆಯ ಕೆಲಸ ತಡ ಮಾಡಿ ಹಿಮ್ಮಡಿಯಲ್ಲಿ ಬಾರ್ ಬೀಳಿಸ್ತಾರೆ.

ಬಸವನಗುಡಿ ಬಾಲು
ಶೈಲಿ ಎಲ್ಲ ಸರಿ. ಭಾವನ ಪರ ಮಾತಾಡೋರು ಯಾರೂ ಇಲ್ಲ, ನಾನು ಮಾತಾಡ್ತೀನಿ. ಮಾಸ್ಕೋಗೆ ಅಮೆರಿಕ ಬರಲಿಲ್ಲ, ಪಶ್ಚಿಮ ಜರ್ಮನಿ ಬರಲಿಲ್ಲ, ಕೆನಡಾ ಬರಲಿಲ್ಲ, ಜಪಾನ್ ಬರಲಿಲ್ಲ. ಗೆದ್ದ ಎತ್ತರ 1.97. ಎರಡು ವರ್ಷ ಮೊದಲು ತಾನೇ ಹಾರಿದ್ದಕ್ಕಿಂತ ನಾಲ್ಕು ಸೆಂಟಿಮೀಟರ್ ಕಮ್ಮಿ. ಬೆಳ್ಳಿ ಗೆದ್ದವಳು ಹಾರಿದ್ದು 1.94. ಇದನ್ನ ಪೂರ್ತಿ ಚಿನ್ನ ಅಂತ ಹೇಗೆ ಒಪ್ಪೋದು?

ಅಂಕಿ ಅಶ್ವತ್ಥ
ಬಾಲು ಸರ್, ಬರದವರ ಪಟ್ಟಿ ಕೊಟ್ರಿ, ಬಂದವರ ಪಟ್ಟಿ ಯಾಕೆ ಕೊಡಲಿಲ್ಲ? ಆ ಕಾಲದಲ್ಲಿ ಹೆಂಗಸರ ಹೈಜಂಪ್ ಅಂದರೇ ಪೂರ್ವ ಯುರೋಪ್. ಅವರೆಲ್ಲ ಬಂದಿದ್ದರು. ಬೆಳ್ಳಿ ಪೋಲೆಂಡಿನ ಉರ್ಶುಲಾ ಕೀಲನ್, ಕಂಚು ಪೂರ್ವ ಜರ್ಮನಿಯ ಯುಟ್ಟಾ ಕಿರ್ಸ್ಟ್. ನಾಲ್ಕನೇ ಸ್ಥಾನಕ್ಕೆ ಜಾರಿದ್ದು ಯಾರು ಗೊತ್ತಾ? ಆಕರ್‌ಮನ್. ಹಿಂದಿನ ಒಲಿಂಪಿಕ್ ಚಾಂಪಿಯನ್, ಹಿಂದಿನ ವಿಶ್ವದಾಖಲೆಯವಳು.

1.97 ಕಮ್ಮಿ ಅಂತೀರಿ. ಅದು ಆಗಿನ ಒಲಿಂಪಿಕ್ ದಾಖಲೆ. ನಾಲ್ಕು ವರ್ಷ ಹಿಂದೆ ಮಾಂಟ್ರಿಯಲ್‌ನಲ್ಲಿ ಪೂರ್ವ, ಪಶ್ಚಿಮ ಎರಡೂ ಕಡೆಯ ಜಂಪರ್‌ಗಳ ನಡುವೆ ಚಿನ್ನ ಬಂದಿದ್ದು 1.93ಕ್ಕೆ.

ಇನ್ನು 1972ರ ಒಲಿಂಪಿಕ್ ಚಾಂಪಿಯನ್, ಪಶ್ಚಿಮ ಜರ್ಮನಿಯ ಉಲ್ರಿಕೆ ಮೈಫಾರ್ತ್ ಬಂದಿದ್ದರೆ ಅಂತ ನೀವು ಹೇಳ್ತೀರಿ, ಗೊತ್ತು. ಮಾಂಟ್ರಿಯಲ್‌ನಲ್ಲಿ ಅವಳು ಫೈನಲ್‌ಗೇ ಬರಲಿಲ್ಲ. ಅವಳು ಮತ್ತೆ ವಿಶ್ವದ ತುದಿಗೆ ಬಂದಿದ್ದು 1982ರಲ್ಲಿ.

ಬಸವನಗುಡಿ ಬಾಲು
ಮೈಫಾರ್ತ್ ಹೆಸರು ನಾನು ಎತ್ತೋದೇ ಇಲ್ಲ. ನಾನು ಹೇಳೋದು ಕೆನಡಾದ ಡೆಬಿ ಬ್ರಿಲ್ ಬಗ್ಗೆ. 1979ರ ಅಥ್ಲೆಟಿಕ್ಸ್ ವಿಶ್ವಕಪ್, ಮಾಂಟ್ರಿಯಲ್. ಬ್ರಿಲ್ 1.96 ಹಾರಿ ಗೆದ್ದಳು. ಸಿಮೆಯೋನಿ ಅವಳ ಹಿಂದೆ. ಅದಾಗಿ ವರ್ಷದೊಳಗೆ ಒಲಿಂಪಿಕ್ಸ್. ಕೆನಡಾ ಬಹಿಷ್ಕಾರ. ಈಗ ಹೇಳಿ ಅಶ್ವತ್ಥಪ್ಪಾ.

ಅಂಕಿ ಅಶ್ವತ್ಥ
ಇದು ವಾದ! ಬ್ರಿಲ್ ಇದ್ದಿದ್ದರೆ ಸ್ಪರ್ಧೆ ಬಿಸಿ ಆಗ್ತಿತ್ತು, ನಿಜ. ಬ್ರಿಲ್ ಕೂಡ ಚಿಕ್ಕ ವಯಸ್ಸಿಂದಲೇ ಬೆನ್ನು ತಿರುಗಿಸಿ ಹಾರುತ್ತಿದ್ದಳು. ಫಾಸ್ಬರಿಯನ್ನು ನೋಡಿ ಕಲಿತಿದ್ದಲ್ಲ, ತಾನಾಗೇ. ಅದನ್ನ 'ಬ್ರಿಲ್ ಬೆಂಡ್' ಅಂತಲೇ ಕರೀತಿದ್ದರು. ಆದರೆ ಒಬ್ಬಳು ಬರಲಿಲ್ಲ ಅಂತ ಅರ್ಧ ಚಿನ್ನ ಆಗಿಬಿಡುತ್ತಾ? ಮುಕ್ಕಾಲು ಚಿನ್ನ ಅನ್ನಿ, ಒಪ್ತೀನಿ.

ತಲೆಹರಟೆ
916 ಹಾಲ್‌ಮಾರ್ಕ್ ಅನ್ನಿ, ಇಬ್ಬರಿಗೂ ಸಮಾಧಾನ.

ಕಾಫಿಬೀಜ
ಬಾಲು ಸರ್, ನಿಮ್ಮ ಲೆಕ್ಕ ಹಿಡಿದರೆ ನಮ್ಮ 1980ರ ಹಾಕಿ ಚಿನ್ನಾನೂ ಅರ್ಧವಾ? ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ ಅದು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4–3. ನೋಡ್ಕೊಂಡು ಮಾತಾಡಿ, ಮಡಿಕೇರಿ ಕಡೆ ಬರೋದಿದ್ರೆ.

ಬಸವನಗುಡಿ ಬಾಲು
ಹಾಕಿಯಲ್ಲಿ ಪಾಕಿಸ್ತಾನ ಇರಲಿಲ್ಲ, ಪಶ್ಚಿಮ ಜರ್ಮನಿ ಇರಲಿಲ್ಲ, ಹಾಲೆಂಡ್ ಇರಲಿಲ್ಲ. ಆರು ತಂಡ, ಅದರಲ್ಲಿ ಕ್ಯೂಬಾ, ಟಾಂಜಾನಿಯಾ. ಸತ್ಯ ಹೇಳಿದರೆ ಬೇಜಾರು ಮಾಡ್ಕೋಬಾರದು. ಮಡಿಕೇರಿಗೆ ಬರ್ತೀನಿ, ಪಂದಿ ಕರಿ ಹಾಕ್ಸಿ.

ಕಾಫಿಬೀಜ
ಪಂದಿ ಕರಿ ಹಾಕಿಸ್ತೀನಿ, ಅರ್ಧ ಪ್ಲೇಟ್.

ತಲೆಹರಟೆ
ಹ್ಹಹ್ಹ, ಬಾಲು ಸರ್ ಔಟ್.

ಪಾದುವಾ ಪದ್ಮ
ನಾನು ಓದೋಕೆ ಅಂತ ಬಂದು ಇಟಲಿಯಲ್ಲೇ ಉಳಿದವಳು. ಈ ಜಗಳದಲ್ಲಿ ಇಟಲಿ ಕಡೆಯ ಕಥೆ ಯಾರೂ ಹೇಳ್ತಿಲ್ಲ.

1980ರಲ್ಲಿ ಇಟಲಿ ಸರ್ಕಾರ ಬಹಿಷ್ಕಾರದ ಪರವೇ ಇತ್ತು. ಅಲ್ಲಿನ ಒಲಿಂಪಿಕ್ ಸಮಿತಿ ಮಾತ್ರ "ನಾವು ಹೋಗ್ತೀವಿ" ಅಂತ ಹಟ ಹಿಡಿಯಿತು. ಕೊನೆಗೆ ಸಿಕ್ಕಿದ್ದು ನಡುವಿನ ದಾರಿ. ಆಟಗಾರರು ಹೋಗಬಹುದು, ಆದರೆ ಇಟಲಿಯ ಬಾವುಟ ಇಲ್ಲ, ರಾಷ್ಟ್ರಗೀತೆ ಇಲ್ಲ. ಸೇನೆಯಲ್ಲಿದ್ದ ಆಟಗಾರರಿಗೆ ಹೋಗೋಕೇ ಬಿಡಲಿಲ್ಲ. ಹಾಗಾಗಿ ಸಿಮೆಯೋನಿ ಚಿನ್ನ ಹಾಕಿಕೊಂಡು ನಿಂತಾಗ ಮೇಲೆ ಹೋಗಿದ್ದು ಐದು ಉಂಗುರದ ಬಿಳಿ ಬಾವುಟ, ಕೇಳಿಸಿದ್ದು ಒಲಿಂಪಿಕ್ ಗೀತೆ. ಎರಡು ದಿನ ಬಿಟ್ಟು 200 ಮೀಟರ್ ಗೆದ್ದ ಪಿಯೆತ್ರೊ ಮೆನ್ನೆಯಾಗೂ ಹಾಗೇ. ಗೆದ್ದ ಮೇಲೂ ತನ್ನ ದೇಶದ ಬಾವುಟ ಏರೋದನ್ನ ನೋಡೋಕೆ ಆಗದ ಚಿನ್ನಕ್ಕೆ ನೀವೆಲ್ಲ ಇಲ್ಲಿ ಕೂತು ಕ್ಯಾರೆಟ್ ಲೆಕ್ಕ ಹಾಕ್ತಿದೀರಿ.

ಆಮೇಲೆ ಆಕೆ ಹುಟ್ಟಿದ್ದು 1953ರಲ್ಲಿ, ವೆರೋನಾ ಹತ್ತಿರದ ರಿವೋಲಿ ವೆರೋನೆಸೆ ಅನ್ನೋ ಹಳ್ಳಿಯಲ್ಲಿ. ಚಿಕ್ಕವಳಿದ್ದಾಗ ಬ್ಯಾಲೆ ಡ್ಯಾನ್ಸರ್ ಆಗೋ ಆಸೆ. ಎತ್ತರ ಜಾಸ್ತಿ ಆಯ್ತು, ಅದು ಕೈಬಿಟ್ಟಿತು. 1.78 ಮೀಟರ್ ಎತ್ತರ. ಬ್ಯಾಲೆಗೆ ಜಾಸ್ತಿ, ಹೈಜಂಪ್‌ಗೆ ಅಳತೆ ಮಾಡಿ ಹೊಲಿದ ಹಾಗೆ.

ನಾಲ್ಕನೇ ಲೇನ್
ಪದ್ಮಕ್ಕ, ಸೂಪರ್. ಈಗಲೂ ಅಲ್ಲಿ ಜನಕ್ಕೆ ಆಕೆ ನೆನಪಿದ್ದಾರಾ?

ಪಾದುವಾ ಪದ್ಮ
ಐವತ್ತು ದಾಟಿದವರ ಹತ್ರ ಹೆಸರು ಹೇಳಿದರೆ ಸಾಕು, ಕಥೆ ಶುರು. 2014ರಲ್ಲಿ ಇಟಲಿ ಒಲಿಂಪಿಕ್ ಸಮಿತಿಗೆ ನೂರು ವರ್ಷ ತುಂಬಿದಾಗ 'ಶತಮಾನದ ಆಟಗಾರರು' ಅಂತ ಇಬ್ಬರನ್ನ ಆರಿಸಿದರು. ಸ್ಕೀಯಿಂಗ್‌ನ ಆಲ್ಬೆರ್ತೊ ತೊಂಬಾ ಮತ್ತು ಸಿಮೆಯೋನಿ. ಹುಡುಗ ಹುಡುಗಿಯರಿಗೆ ಗೊತ್ತಾಗಿದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್ ನಡೆಯುವಾಗ ರಾಯ್‌ನಲ್ಲಿ ರಾತ್ರಿ ಒಂದು ಹರಟೆ ಕಾರ್ಯಕ್ರಮ ಬರ್ತಿತ್ತು. ಅದರಲ್ಲಿ ಆಕೆ ಕೂತು ವೆರೋನಾ ಕಡೆಯ ದನಿಯಲ್ಲಿ, ಯಾವ ಬಿಂಕವೂ ಇಲ್ಲದೆ ಜೋಕ್ ಮಾಡ್ತಿದ್ದರು. ಅದೇ ವಾರ ಜಾನ್‌ಮಾರ್ಕೊ ತಂಬೇರಿ ಕತಾರ್‌ನ ಬಾರ್ಶಿಮ್ ಜೊತೆ ಹೈಜಂಪ್ ಚಿನ್ನ ಹಂಚಿಕೊಂಡಿದ್ದು ಬೇರೆ. ಇಡೀ ದೇಶ ಹೈಜಂಪ್ ಮಾತಾಡ್ತಿತ್ತು. ಅಜ್ಜಿ ವಯಸ್ಸಲ್ಲಿ ಮತ್ತೆ ಸ್ಟಾರ್.

ಬಸವನಗುಡಿ ಬಾಲು
ಚಿನ್ನ ಹಂಚಿಕೊಳ್ಳೋದು ಇನ್ನೊಂದು ದೊಡ್ಡ ತಮಾಷೆ. ಜಂಪ್-ಆಫ್ ಮಾಡಿ, ಅಂದರೆ ಒಬ್ಬರು ಗೆಲ್ಲೋವರೆಗೆ ಮತ್ತೆ ಹಾರಿಸಿ ಮುಗಿಸಬೇಕಿತ್ತು.

ಪಿ.ಟಿ. ಮೇಷ್ಟ್ರು
ಬಾಲು ಅವರೇ, ನಿಯಮದಲ್ಲೇ ಅವಕಾಶ ಇದೆ. ಮೊದಲು, ಕೊನೆಗೆ ದಾಟಿದ ಎತ್ತರದಲ್ಲಿ ಯಾರು ಕಮ್ಮಿ ಸಲ ತಪ್ಪಿದರು ಅಂತ ನೋಡ್ತಾರೆ. ಸಮ ಆದರೆ, ಅಲ್ಲಿಯವರೆಗಿನ ಒಟ್ಟು ತಪ್ಪುಗಳು. ಅದೂ ಸಮ ಆದರೆ ಮಾತ್ರ ಜಂಪ್-ಆಫ್. ಅದನ್ನೂ ಇಬ್ಬರೂ ಬೇಡ ಅಂದರೆ ಜಂಟಿ ಚಿನ್ನ. ಅವತ್ತು ಇಬ್ಬರೂ 2.37ರವರೆಗೆ ಒಂದೂ ತಪ್ಪದೆ ಹಾರಿದ್ದರು. 2.39ರಲ್ಲಿ ಇಬ್ಬರೂ ಮೂರು ಸಲ ಸೋತರು. ಇದಕ್ಕಿಂತ ಸಮ ಇನ್ನೇನು ಬೇಕು?

ಮಿಣುಕುಹುಳ
ನಡುವೆ ಬಂದೆ, ಕ್ಷಮಿಸಿ. ಸಿಮೆಯೋನಿ ಅವರ ಕೋಚ್ ಅವರ ಗಂಡನೇ ಅಂತ ಓದಿದ್ದೆ. ಹೌದಾ?

ಅಂಕಿ ಅಶ್ವತ್ಥ
ಹೌದು. ಎರ್ಮಿನಿಯೊ ಅಜ್ಜಾರೊ. ಅವರೂ ಹೈಜಂಪರ್. 1969ರ ಅಥೆನ್ಸ್ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಮೊದಲು ಜೊತೆ ಆಟಗಾರ, ಆಮೇಲೆ ಕೋಚ್, ಆಮೇಲೆ ಗಂಡ. ತಯಾರಿ ಹೆಚ್ಚಾಗಿ ಫೋರ್ಮಿಯಾದಲ್ಲಿ. ರೋಮ್–ನೇಪಲ್ಸ್ ನಡುವಿನ ಸಮುದ್ರದ ಊರು, ಅಲ್ಲಿ ಒಲಿಂಪಿಕ್ ಸಮಿತಿಯ ತರಬೇತಿ ಕೇಂದ್ರ ಇದೆ. ಮೆನ್ನೆಯಾ ಬೆವರು ಸುರಿಸಿದ್ದೂ ಅಲ್ಲೇ.

ಮಿಣುಕುಹುಳ
ಗಂಡನೇ ಕೋಚ್ ಅಂದರೆ ಮನೇಲೂ ಬೈಗುಳ, ಮೈದಾನದಲ್ಲೂ ಬೈಗುಳ. ನಮ್ಮೆಜಮಾನ್ರು ಕಾರು ಕಲಿಸೋಕೆ ಬಂದು ಎರಡೇ ತಿರುವಿಗೆ ಮಾತು ಬಿಟ್ಟಿದ್ದರು.

ತಲೆಹರಟೆ
ತಿರುವೇ ಎಲ್ಲ ಅಂತ ಮೇಷ್ಟ್ರು ಆಗಲೇ ಹೇಳಿದ್ದಾರಲ್ಲ ಅಕ್ಕ.

ಅಂಕಿ ಅಶ್ವತ್ಥ
ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ. ಅದನ್ನ ಹೇಳಲೇಬೇಕು. ಆಕೆಯ ನಾಲ್ಕು ಒಲಿಂಪಿಕ್ಸ್ ತಗೊಳ್ಳಿ.

1972 ಮ್ಯೂನಿಕ್: 1.85, ಆರನೇ ಸ್ಥಾನ. 1976 ಮಾಂಟ್ರಿಯಲ್: 1.91, ಬೆಳ್ಳಿ. 1980 ಮಾಸ್ಕೋ: 1.97, ಚಿನ್ನ. 1984 ಲಾಸ್ ಏಂಜಲೀಸ್: 2.00, ಬೆಳ್ಳಿ.

ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಮೇಲೆ. ಹತ್ತೊಂಬತ್ತನೇ ವಯಸ್ಸಿಂದ ಮೂವತ್ತೊಂದರವರೆಗೆ. ಹೈಜಂಪ್ ಅಂದರೆ ಒಂದೇ ಕಾಲಿನ ಮೇಲೆ ಇಡೀ ಮೈಭಾರ ಹಾಕಿ ಎಗರೋ ಆಟ. ಅದರಲ್ಲಿ ಹನ್ನೆರಡು ವರ್ಷ ಹೀಗೆ ಏರುತ್ತಾ ಹೋಗೋದು ಸುಮ್ನೆ ಮಾತಲ್ಲ. ನನ್ನ ಮಟ್ಟಿಗೆ ಆಕೆಯ ದೊಡ್ಡ ಸಾಧನೆ ಮಾಸ್ಕೋ ಚಿನ್ನ ಅಲ್ಲ, ಬ್ರೆಶಾ ದಾಖಲೆಯೂ ಅಲ್ಲ. ಲಾಸ್ ಏಂಜಲೀಸ್ ಬೆಳ್ಳಿ.

ಪಾದುವಾ ಪದ್ಮ
ನೂರಕ್ಕೆ ನೂರು. ಅಷ್ಟೊತ್ತಿಗೆ ಅಕಿಲಿಸ್ ಸ್ನಾಯುರಜ್ಜು ಕೈಕೊಟ್ಟು ಆಕೆಯ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. 1982ರ ಅಥೆನ್ಸ್ ಯುರೋಪಿಯನ್‌ನಲ್ಲಿ ಕಂಚು ಬಂದಾಗ "ಇದೇ ಕೊನೆ" ಅಂತಿದ್ದರು. 1984ರಲ್ಲಿ ಇಟಲಿಯ ಬಾವುಟ ಹಿಡಿದು ಉದ್ಘಾಟನೆಯಲ್ಲಿ ನಡೆದಿದ್ದು ಆಕೆಯೇ. ಮಾಸ್ಕೋದಲ್ಲಿ ಕಾಣದ ಬಾವುಟ, ಇಲ್ಲಿ ಕೈಯಲ್ಲೇ. ಬಾವುಟಕ್ಕೆ ಅಂತ ಕಳಿಸಿದ್ದಾರೆ, ಹಳೇ ಮರ್ಯಾದೆಗೆ, ಅಂತ ಅಂದುಕೊಂಡವರ ಮುಂದೆ 2 ಮೀಟರ್ ದಾಟಿದರು.

ಪಿ.ಟಿ. ಮೇಷ್ಟ್ರು
ಅವತ್ತು ಚಿನ್ನ ಗೆದ್ದ ಮೈಫಾರ್ತ್ ಕಥೆಯೂ ಸೇರಿಸಿ. ಮ್ಯೂನಿಕ್‌ನಲ್ಲಿ, 1972ರಲ್ಲಿ, ಅವಳಿಗೆ ಹದಿನಾರು ವರ್ಷ. ತನ್ನದೇ ದೇಶದ ಜನರ ಮುಂದೆ 1.92 ಹಾರಿ ವಿಶ್ವದಾಖಲೆ ಸರಿಗಟ್ಟಿ ಚಿನ್ನ. ಅದೇ ಫೈನಲ್‌ನಲ್ಲಿ ಸಿಮೆಯೋನಿ ಆರನೆಯವಳು. ಹನ್ನೆರಡು ವರ್ಷ ಆದ ಮೇಲೆ ಮತ್ತೆ ಅದೇ ಇಬ್ಬರು, 2.02 ಮತ್ತು 2.00. ನಡುವೆ ಮೈಫಾರ್ತ್ ಕೆಳಗೆ ಬಿದ್ದಿದ್ದಳು, ಸಿಮೆಯೋನಿ ಮೇಲೆ ಹೋಗಿದ್ದಳು. 2.01ರ ವಿಶ್ವದಾಖಲೆಯನ್ನ 1982ರಲ್ಲಿ ಅಥೆನ್ಸ್‌ನಲ್ಲಿ 2.02 ಹಾರಿ ಮುರಿದಿದ್ದೂ ಮೈಫಾರ್ತ್. ಆಗ ಸಿಮೆಯೋನಿ ಅಲ್ಲೇ ಮೈದಾನದಲ್ಲಿದ್ದಳು.

ಬಸವನಗುಡಿ ಬಾಲು
ಈಗ ನಾನು ಕೇಳ್ತೀನಿ. 1984ಕ್ಕೆ ಸೋವಿಯತ್ ಕಡೆಯವರ ಬಹಿಷ್ಕಾರ ಇತ್ತಲ್ವಾ? ತಮಾರಾ ಬಿಕೊವಾ ಇಲ್ಲ. ಬಲ್ಗೇರಿಯಾದ ಲ್ಯುದ್ಮಿಲಾ ಆಂದೊನೊವಾ ಇಲ್ಲ, ಅವಳು ಒಲಿಂಪಿಕ್ಸ್ ಶುರುವಾಗೋ ಮುಂಚಿನ ವಾರವಷ್ಟೇ 2.07 ಹಾರಿ ವಿಶ್ವದಾಖಲೆ ಮಾಡಿದ್ದಳು. ಹಾಗಾದರೆ ಅದೂ ಅರ್ಧ ಬೆಳ್ಳಿ ತಾನೇ?

ಅಂಕಿ ಅಶ್ವತ್ಥ
ನೋಡಿ ಈಗ ನೀವೇ ನನ್ನ ದಾರಿಗೆ ಬಂದ್ರಿ. 1980ರಲ್ಲಿ ಪಶ್ಚಿಮದವರು ಇಲ್ಲ, 1984ರಲ್ಲಿ ಪೂರ್ವದವರು ಇಲ್ಲ. ಎರಡಕ್ಕೂ ಬಂದು ಎರಡರಲ್ಲೂ ಪದಕ ಗೆದ್ದವಳು ಆಕೆ. ಬರದೇ ಇದ್ದದ್ದು ಬೇರೆಯವರ ಸರ್ಕಾರದ ತೀರ್ಮಾನ. ಅದಕ್ಕೆ ಬಂದವಳ ಪದಕ ಯಾಕೆ ಕತ್ತರಿಸ್ತೀರಿ? ಯುರೋಪಿನ ಎರಡೂ ಕಡೆಯವರು ಬಂದಿದ್ದ ಪ್ರಾಗ್‌ನಲ್ಲಿ ಆಕೆ ಏನು ಮಾಡಿದಳು ಅನ್ನೋದು ಮೇಲೆ ಬರೆದಿದ್ದೀನಿ. ಒಳಾಂಗಣ ಯುರೋಪಿಯನ್ ಚಿನ್ನ ನಾಲ್ಕು ಇವೆ, 1977, 1978, 1980, 1981. ಆಕೆ ಉತ್ತುಂಗದಲ್ಲಿದ್ದಾಗ ವಿಶ್ವ ಚಾಂಪಿಯನ್‌ಷಿಪ್ ಅನ್ನೋದೇ ಇರಲಿಲ್ಲ, ಅದು ಶುರುವಾಗಿದ್ದು 1983ರಲ್ಲಿ. ಇದ್ದಿದ್ದರೆ ಆಕೆಯ ಕಪಾಟಿನಲ್ಲಿ ಇನ್ನೊಂದೆರಡು ಇರ್ತಿದ್ದವು.

ಬಸವನಗುಡಿ ಬಾಲು
"ಇದ್ದಿದ್ದರೆ" ನೀವು ಹೇಳಬಹುದು, ನಾನು "ಬಂದಿದ್ದರೆ" ಅಂದರೆ ತಪ್ಪಾ?

ಕಾಫಿಬೀಜ
ಲಾಸ್ ಏಂಜಲೀಸ್ ಅಂದಾಗೆಲ್ಲ ನನಗೆ ಪಿ.ಟಿ. ಉಷಾ ನೆನಪಾಗ್ತಾರೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಹೋಯ್ತು. 400 ಮೀಟರ್ ಹರ್ಡಲ್ಸ್, 55.42. ಅಲ್ಲೂ ಪೂರ್ವದವರು ಇರಲಿಲ್ಲ, ಆದರೂ ಯಾರಾದ್ರೂ ಉಷಾ ಅವರದ್ದು ಅರ್ಧ ನಾಲ್ಕನೇ ಸ್ಥಾನ ಅಂತಾರಾ?

ತಲೆಹರಟೆ
ಅರ್ಧ ನಾಲ್ಕು ಅಂದರೆ ಎರಡು. ಬೆಳ್ಳಿ ಬಂತು ನೋಡಿ!

ಗೋಣಿಚೀಲ
ಸಿಮೆಯೋನಿ ಜೊತೆಗೆ ಇಟಲಿಯ ಇನ್ನೊಬ್ಬ ಹೈಜಂಪರ್ ಆಂತೊನಿಯೆತ್ತಾ ದಿ ಮಾರ್ತಿನೊ ಬಗ್ಗೆ ಯಾರೂ ಮಾತಾಡ್ತಿಲ್ಲ. ನನ್ನ ಓಟು ಅವಳಿಗೆ. ಎತ್ತರ 1.69 ಮೀಟರ್ ಅಷ್ಟೇ. ಹೊರಾಂಗಣದಲ್ಲಿ ಹಾರಿದ್ದು 2.03, ಒಳಾಂಗಣದಲ್ಲಿ 2.04. ಅಂದರೆ ತನ್ನ ತಲೆಗಿಂತ 35 ಸೆಂಟಿಮೀಟರ್ ಮೇಲೆ! 2007ರ ಒಸಾಕಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. ಆರಡಿ ಹತ್ತಿರ ಇರೋ ಹುಡುಗಿಯರ ನಡುವೆ ಅವಳು ನಿಂತರೆ ದಾರಿ ತಪ್ಪಿ ಬಂದ ಜಿಮ್ನಾಸ್ಟ್ ಅನ್ನಿಸ್ತಿತ್ತು.

ಅಂಕಿ ಅಶ್ವತ್ಥ
ಒಳ್ಳೆಯ ಹೆಸರು. ಸಿಮೆಯೋನಿಯ 2.01 ಇಟಲಿಯ ರಾಷ್ಟ್ರೀಯ ದಾಖಲೆಯಾಗಿ 1978ರಿಂದ 2007ರವರೆಗೆ ಉಳಿದಿತ್ತು. ಅದನ್ನ ಮುರಿದಿದ್ದು ಇದೇ ದಿ ಮಾರ್ತಿನೊ. ತಮಾಷೆ ಏನು ಗೊತ್ತಾ, ಅವಳು ಹುಟ್ಟಿದ್ದು 1978ರ ಜೂನ್ 1. ಬ್ರೆಶಾ ದಾಖಲೆ ಆಗುವಾಗ ಎರಡು ತಿಂಗಳ ಕೂಸು.

ಬಸವನಗುಡಿ ಬಾಲು
ಹಾಗೆ ನೋಡಿದರೆ ಈಗಿನ ವಿಶ್ವದಾಖಲೆ 2.10. ಉಕ್ರೇನ್‌ನ ಯರೊಸ್ಲಾವಾ ಮಹುಚಿಖ್, 2024ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ. ಸಿಮೆಯೋನಿಯಿಂದ ಇಲ್ಲಿಗೆ 46 ವರ್ಷದಲ್ಲಿ ಬರೀ ಒಂಬತ್ತು ಸೆಂಟಿಮೀಟರ್. ಅದರಲ್ಲೂ 1987ರಲ್ಲಿ ಬಲ್ಗೇರಿಯಾದ ಸ್ತೆಫ್ಕಾ ಕೊಸ್ತಾದಿನೊವಾ ರೋಮ್‌ನಲ್ಲಿ 2.09 ಹಾರಿದ ಮೇಲೆ 37 ವರ್ಷ ಒಂದು ಸೆಂಟಿಮೀಟರ್‌ಗೆ ಕಾಯಬೇಕಾಯ್ತು. ಇದನ್ನ ಮಾತ್ರ ಒಪ್ತೀನಿ, 1978ರ 2.01 ಚಿಲ್ಲರೆ ಜಿಗಿತ ಅಲ್ಲ.

ಕಾಫಿಬೀಜ
ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ ಎಲ್ಲರೂ. ಬಾಲು ಸರ್ ಒಪ್ಪಿದರು.

ಗೋಣಿಚೀಲ
ನಮ್ಮ ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋಗಿದ್ದರು. ಮೈಫಾರ್ತ್ 1972ರಲ್ಲಿ ಚಿನ್ನ ಗೆದ್ದ ಎತ್ತರವೇ ಅದು. ನಲವತ್ತು ವರ್ಷದ ಅಂತರ. ಬೇಜಾರಿನ ಲೆಕ್ಕ, ಆದರೆ ಲೆಕ್ಕ.

ಪಿ.ಟಿ. ಮೇಷ್ಟ್ರು
ಬೇಜಾರು ಯಾಕೆ ಅಂತ ನನ್ನ ಕೇಳಿ. ನಾನು ಸೇವೆ ಶುರು ಮಾಡಿದ ಶಾಲೆಯಲ್ಲಿ ಹೈಜಂಪ್ ಅಂದರೆ ಎರಡು ಬಿದಿರು ಗಳ, ನಡುವೆ ಒಂದು ಹಗ್ಗ, ಆಚೆ ಮರಳಿನ ಗುಂಡಿ. ಮಳೆ ಬಂದರೆ ಮರಳು ಗಟ್ಟಿ, ಬಿಸಿಲಿಗೆ ಇನ್ನೂ ಗಟ್ಟಿ. ಅದರಲ್ಲಿ ಫ್ಲಾಪ್ ಹೇಗೆ ಕಲಿಸ್ತೀರಿ? ಬೆನ್ನಲ್ಲಿ, ಭುಜದಲ್ಲಿ ಬೀಳೋ ಶೈಲಿ ಅದು. ಒಬ್ಬ ಹುಡುಗ ಟಿವಿಯಲ್ಲಿ ನೋಡಿ ತಾನೇ ಪ್ರಯತ್ನ ಮಾಡಿ ಕುತ್ತಿಗೆ ಉಳುಕಿಸಿಕೊಂಡ. ಅವರ ತಾಯಿ ಶಾಲೆಗೆ ಬಂದು ನನ್ನ ಗ್ರಹಚಾರ ಬಿಡಿಸಿದರು. ಆಮೇಲೆ ಹಾಸ್ಟೆಲ್‌ನ ಹಳೇ ಹತ್ತಿ ಹಾಸಿಗೆ ಒಟ್ಟಿ, ಕೆಳಗೆ ಭತ್ತದ ಹುಲ್ಲು ತುಂಬಿ ಒಂದು ವ್ಯವಸ್ಥೆ ಮಾಡಿದ್ದೆ. ಇಲಿ ಸೇರಿಕೊಂಡವು. ಅಲ್ಲಿಗೆ ಅದೂ ಮುಗೀತು.

ಫಾಸ್ಬರಿ ಬಂದಿದ್ದು ಯಾಕೆ ಅಮೆರಿಕದಲ್ಲಿ? ಅಲ್ಲಿ ಶಾಲೆಗಳಿಗೆ ಫೋಮ್ ಮ್ಯಾಟ್ ಬಂದಿತ್ತು. ಮ್ಯಾಟ್ ಮೊದಲು, ಶೈಲಿ ಆಮೇಲೆ. ಮರಳಲ್ಲಿ ಬೀಳಬೇಕಾದರೆ ಸಿಜರ್ಸ್ ಹಾಕಿ, ಅಂದರೆ ಕತ್ತರಿ ಥರ ಒಂದೊಂದೇ ಕಾಲು ದಾಟಿಸಿ, ಕಾಲ ಮೇಲೇ ಇಳಿಯಬೇಕು. ಅದರಲ್ಲಿ ಒಂದು ಮಟ್ಟದ ಮೇಲೆ ಹೋಗೋಕಾಗಲ್ಲ.

ಗೋಣಿಚೀಲ
ಮೇಷ್ಟ್ರೇ, ಚಿಕ್ಕ ಮಕ್ಕಳಿಗೆ ಸಿಜರ್ಸ್ ಸಾಕಲ್ವಾ? ಹನ್ನೆರಡು ವರ್ಷದವರಿಗೆ ಫ್ಲಾಪ್ ಯಾಕೆ ಅವಸರ?

ಪಿ.ಟಿ. ಮೇಷ್ಟ್ರು
ಸಿಜರ್ಸ್ ಮೊದಲು ಕಲಿಸಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಾಗಿದ ಓಟ ಮಾತ್ರ ಮೊದಲಿಂದ ಕಲಿಸಿ. ಬಾರ್ ಇಲ್ಲದೆ, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಓಡಿಸಿ. ನೇರ ಓಡಿ ಅಭ್ಯಾಸ ಆದ ಹುಡುಗನಿಗೆ ಆಮೇಲೆ ತಿರುವು ಕಲಿಸೋದು ಭಾರಿ ಕಷ್ಟ. ಬಾರ್ ಹತ್ತಿರ ಬಂದ ತಕ್ಷಣ ಹೆಜ್ಜೆ ಚಿಕ್ಕದು ಮಾಡಿ ತಡವರಿಸ್ತಾನೆ.

ಪಾದುವಾ ಪದ್ಮ
ಸಿಮೆಯೋನಿ 1986ರಲ್ಲಿ ಆಟ ಬಿಟ್ಟ ಮೇಲೆ ಅವರೂ ನಿಮ್ಮ ಕೆಲಸವನ್ನೇ ಮಾಡಿದರು ಮೇಷ್ಟ್ರೇ, ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಡಂ. ಒಲಿಂಪಿಕ್ ಚಿನ್ನ ಗೆದ್ದ ಪಿ.ಟಿ. ಮೇಡಂ ಹತ್ರ "ಹೊಟ್ಟೆನೋವು, ಇವತ್ತು ಗ್ರೌಂಡ್‌ಗೆ ಬರಲ್ಲ" ಅಂತ ಹೇಳೋ ಧೈರ್ಯ ಯಾರಿಗಿತ್ತೋ.

ತಲೆಹರಟೆ
ನಮ್ಮ ಶಾಲೇಲಿ ಪಿ.ಟಿ. ಪೀರಿಯಡ್‌ನಲ್ಲಿ ಗಣಿತ ಮೇಷ್ಟ್ರು ಬರ್ತಿದ್ದರು. ಹಾಗಾಗಿ ನಾನು ಹಾರಿದ್ದು ಕಾಂಪೌಂಡ್ ಮಾತ್ರ.

ನಾಲ್ಕನೇ ಲೇನ್
ಭಾವನಿಗೆ ಈ ಎಳೆ ಪೂರ್ತಿ ಕಳಿಸಿದೆ. "ಬಾಲು ಯಾರು, ಒಳ್ಳೆ ಮನುಷ್ಯ" ಅಂತಷ್ಟೇ ಉತ್ತರ ಬಂತು.

ಬಸವನಗುಡಿ ಬಾಲು
ನಿಮ್ಮ ಭಾವನಿಗೆ ನನ್ನ ನಮಸ್ಕಾರ ತಿಳಿಸಿ. ಅಶ್ವತ್ಥ್, ಡೆಬಿ ಬ್ರಿಲ್ ಪ್ರಶ್ನೆಗೆ ನೀವು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಮುಕ್ಕಾಲು ಅಂತ ಹೇಳಿ ಜಾರಿಕೊಂಡ್ರಿ.

ಅಂಕಿ ಅಶ್ವತ್ಥ
ಜಾರಿಕೊಂಡಿಲ್ಲ. ಒಂದು ವಿಶ್ವಕಪ್ ಸೋತಿದ್ದಕ್ಕೆ ಮುಂದಿನ ಒಲಿಂಪಿಕ್ಸ್ ಸೋಲ್ತಿದ್ದಳು ಅನ್ನೋದು ಯಾವ ನ್ಯಾಯ? ಮಾಂಟ್ರಿಯಲ್ ಬ್ರಿಲ್‌ಗೆ ಮನೆ ಅಂಗಳ. ಆಕರ್‌ಮನ್ 1976ರಲ್ಲಿ ಗೆದ್ದವಳು 1978ರಲ್ಲಿ ಸೋತಳು, 1980ರಲ್ಲಿ ನಾಲ್ಕನೆಯವಳಾದಳು. ಹೈಜಂಪ್‌ನಲ್ಲಿ ಹಿಂದಿನ ಫಲಿತಾಂಶ ಇಟ್ಟುಕೊಂಡು ಮುಂದಿನದ್ದು ಬರೆಯೋಕಾಗಲ್ಲ. ಬೇಕಾದರೆ ಬ್ರಿಲ್‌ಗೇ ಅಂತ ಬೇರೆ ಎಳೆ ಶುರು ಮಾಡಿ, ಅಲ್ಲಿ ಕುಸ್ತಿ ಆಡೋಣ.

ಮಿಣುಕುಹುಳ
ಮೇಷ್ಟ್ರೇ, ನಮ್ಮ ಊರಿನ ಶಾಲೆಗೆ ಹಳೇ ವಿದ್ಯಾರ್ಥಿಗಳು ಸೇರಿ ದುಡ್ಡು ಹಾಕಿ ಒಂದು ಹೈಜಂಪ್ ಮ್ಯಾಟ್ ಕೊಡಿಸೋಣ ಅಂತಿದ್ದೀವಿ. ಏನು ನೋಡಿ ತಗೋಬೇಕು?

ಪಿ.ಟಿ. ಮೇಷ್ಟ್ರು
ಪುಣ್ಯದ ಕೆಲಸ. 5 ಮೀಟರ್ ಅಗಲ, 3 ಮೀಟರ್ ಉದ್ದಕ್ಕಿಂತ ಚಿಕ್ಕದು ತಗೋಬೇಡಿ. ಮಕ್ಕಳು ನಡುವೆಯೇ ಬೀಳ್ತಾರೆ ಅಂತ ಏನೂ ಇಲ್ಲ. ಎರಡು ಮೂರು ತುಂಡು ಜೋಡಿಸೋದಾದರೆ ಮೇಲೆ ಒಂದೇ ಹೊದಿಕೆ ಇರಲಿ, ಇಲ್ಲದಿದ್ದರೆ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತೆ. ಕೊಳ್ಳೋ ಮುಂಚೆ ಯಾರಾದ್ರೂ ದಪ್ಪಗಿರೋರನ್ನ ಅದರ ಮೇಲೆ ಬೀಳಿಸಿ ನೋಡಿ, ನೆಲ ತಗುಲಿದರೆ ಬೇಡ ಅನ್ನಿ. ಕೆಳಗೆ ಮರದ ಹಲಗೆ ಹಾಕಿ ನೆಲದಿಂದ ಸ್ವಲ್ಪ ಎತ್ತರಿಸಿ, ಮಳೆಗಾಲದಲ್ಲಿ ಫೋಮ್ ನೀರು ಕುಡಿದರೆ ಗೋವಿಂದ. ಕಬ್ಬಿಣದ ಪೈಪನ್ನ ಬಾರ್ ಮಾಡೋ ಬುದ್ಧಿ ಯಾರಿಗೂ ಬೇಡ. ಫೈಬರ್‌ದೇ ತಗೊಳ್ಳಿ, 4 ಮೀಟರ್‌ದು.

ಮುಖ್ಯವಾಗಿ ಸ್ಟೋರ್ ರೂಮ್ ಬೀಗದ ಕೈ ಯಾರ ಹತ್ರ ಇರುತ್ತೆ ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ.

ತಲೆಹರಟೆ
ಮತ್ತೆ ಇಲಿಗೆ ಒಂದು ಬೆಕ್ಕು.